ಚಾದರ ಹೊದ್ದ ಟಿ.ವಿ., ಒಡೆದ ಲ್ಯಾಪ್‌ಟಾಪ್

ತವರಿಗೆ ಹೋದ ಹೆಣ್ಣುಮಕ್ಕಳು ಮೊದಲು ಅಡುಗೆಮನೆಗೆ ಇಣುಕುತ್ತಾರೆ. ನಾನೂ ಹಾಗೆಯೇ. ಆದರೆ ಈ ಸಲ ಭಾಲ್ಕಿ ತಾಲೂಕಿನ ಭಾತಂಬ್ರಾದಲ್ಲಿರುವ ಅಣ್ಣನ ಮನೆಗೆ ಹೋದಾಗ ನನ್ನ ಕಣ್ಣು ನಡುಮನೆಯಲ್ಲೇ ನಿಂತುಬಿಟ್ಟಿತು. ಗೋಡೆಯ ಮೇಲಿದ್ದ ಟಿ.ವಿ.ಗೆ ಹಳೆಯ ಚಾದರ ಹೊದಿಸಿ, ಗಾಳಿಗೆ ಹಾರದಂತೆ ಪಿನ್ನು ಚುಚ್ಚಿದ್ದರು.

“ಕೆಟ್ಟುಹೋಗಿದೆಯಾ ಭಾಬಿ?” ಎಂದೆ.

“ಕೆಟ್ಟಿಲ್ಲ. ನಿಮ್ಮ ಭಾಯಿಜಾನರ ಹುಕುಂ. ಮಗಳದು ಸೆಕೆಂಡ್ ಪಿಯುಸಿ. ಪರೀಕ್ಷೆ ಮುಗಿಯುವ ತನಕ ಟಿ.ವಿ. ಬಂದ್” ಎಂದರು ಭಾಬಿ.

ಮೂಲೆಯಲ್ಲಿ ಕುಳಿತಿದ್ದ ನಮ್ಮ ತಾಯಿ ತಸ್ಬೀಹ್ ಎಣಿಸುತ್ತಲೇ, “ಓದುವುದು ಅವಳು, ಶಿಕ್ಷೆ ನನಗೆ” ಎಂದು ಗೊಣಗಿದರು. ಎಲ್ಲರೂ ನಕ್ಕೆವು. ಅಣ್ಣನ ಮಗಳೊಬ್ಬಳು ಮಾತ್ರ ನಗಲಿಲ್ಲ.

ರಾತ್ರಿ ಅವಳ ಪಕ್ಕದಲ್ಲಿ ಮಲಗಿದಾಗ ವಿಷಯ ಹೊರಬಂತು. ಪುಣೆಯಲ್ಲಿ ಕೆಲಸಕ್ಕಿರುವ ಅವಳ ಅಣ್ಣ ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪೊಂದನ್ನು ಕೊಂಡು ತಂದುಕೊಟ್ಟಿದ್ದ. ಉಪನ್ಯಾಸಕರು ಪೆನ್‌ಡ್ರೈವಿನಲ್ಲಿ ಕೊಟ್ಟ ಪಾಠಗಳು, ಎನ್‌ಸಿಇಆರ್‌ಟಿ ಪುಸ್ತಕಗಳು, ಹಿಂದಿನ ವರ್ಷಗಳ ನೀಟ್ ಪ್ರಶ್ನೆಪತ್ರಿಕೆಗಳು ಎಲ್ಲವೂ ಅದರೊಳಗಿದ್ದವು. ತಿಂಗಳ ಹಿಂದೆ ಅದು ಮಂಚದಿಂದ ಬಿದ್ದು ಪರದೆ ಒಡೆಯಿತು. ರಿಪೇರಿಗೆ ಕೇಳಿದರೆ, ಕೊಂಡ ಬೆಲೆಯ ಹತ್ತಿರ ಹತ್ತಿರ ಹೇಳಿದರು. ಅಂದಿನಿಂದ ಅದು ಕಪಾಟಿನಲ್ಲಿದೆ. ಅಣ್ಣನ ಮೊಬೈಲು ಹಗಲೆಲ್ಲ ಅವನ ಜೊತೆ ಹೊಲದಲ್ಲಿ. ರಾತ್ರಿ ಒಂಬತ್ತರ ನಂತರ ಇವಳ ಕೈಗೆ. ಅಂಗೈಯಗಲದ ಆ ಪರದೆಯಲ್ಲಿ ರಾಸಾಯನಿಕ ಸಮೀಕರಣಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ ತಲೆನೋವು ಬಂದಿತ್ತು.

“ಅಬ್ಬಾ ಬೈದರಾ?” ಎಂದು ಕೇಳಿದೆ.

“ಇಲ್ಲ ಫುಫು, ಏನೂ ಅನ್ನಲಿಲ್ಲ. ‘ಓದು ನಡೆದಷ್ಟು ನಡೆಯಲಿ’ ಎಂದರು ಅಷ್ಟೆ.”

ಬೆಳಿಗ್ಗೆ ಭಾಬಿ ರೊಟ್ಟಿ ಬಡಿಯುತ್ತಾ ಅದೇ ಮಾತನ್ನು ಬೇರೆ ರೀತಿ ಹೇಳಿದರು: “ಅವರು ಬೈದರೆ ನನಗೆ ಭಯವಿಲ್ಲ. ಸುಮ್ಮನಾದರೆ ಭಯ. ನನ್ನ ಓದು ಏಳನೆಯದಕ್ಕೆ ನಿಂತಾಗಲೂ ನಮ್ಮಪ್ಪ ಏನೂ ಅಂದಿರಲಿಲ್ಲ. ನಾಳೆಯಿಂದ ಬೇಡ ಎಂದು ಯಾರೂ ಹೇಳಲಿಲ್ಲ. ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಅಷ್ಟೆ.”

ಬೀದರ್ ಜಿಲ್ಲೆಯ ಮನೆಗಳಲ್ಲಿ ಹೆಣ್ಣುಮಕ್ಕಳು ವೈದ್ಯಕೀಯ ಸೀಟಿನ ಕನಸು ಕಾಣುವುದು ಈಗ ಹೊಸದಲ್ಲ. 1989ರಲ್ಲಿ ಬೀದರ್ ನಗರದಲ್ಲಿ ಸಣ್ಣದಾಗಿ ಶುರುವಾದ ಶಾಹೀನ್ ವಿದ್ಯಾಸಂಸ್ಥೆಯಲ್ಲಿ ಓದಿ ಡಾಕ್ಟರಾದ ಹುಡುಗಿಯರ ಹೆಸರು ನಮ್ಮ ಕಡೆ ಮದುವೆ ಮನೆಗಳಲ್ಲೂ ಮಾತಿಗೆ ಬರುತ್ತದೆ. ಆದರೆ ಅಲ್ಲಿಯವರೆಗೆ ಹೋಗಲಾಗದೆ ಹಳ್ಳಿಯಲ್ಲೇ ಕುಳಿತು ಓದುವ ಹುಡುಗಿಯರ ದಾರಿ ಕೆಲವೊಮ್ಮೆ ಒಂದು ಒಡೆದ ಗಾಜಿನ ಮುಂದೆ ಸದ್ದಿಲ್ಲದೆ ನಿಂತುಹೋಗುತ್ತದೆ.

ತಂತಿ ಮನೆಯಲ್ಲೇ ಇತ್ತು

ಕಪಾಟಿನಿಂದ ಲ್ಯಾಪ್‌ಟಾಪ್ ತೆಗೆಸಿ ಗುಂಡಿ ಒತ್ತಿದೆ. ಪರದೆಯ ಮೇಲೆ ಕಪ್ಪು ಮಸಿ ಚೆಲ್ಲಿದಂತೆ ಕಲೆ, ಅದರ ಮೇಲೆ ಬಣ್ಣಬಣ್ಣದ ಗೆರೆಗಳು. ಆದರೆ ಒಳಗೆ ಫ್ಯಾನು ತಿರುಗಿತು, ಕೀಲಿಗಳ ದೀಪ ಉರಿಯಿತು. ಅಂದರೆ ಯಂತ್ರ ಸರಿಯಾಗಿದೆ, ಕಿಟಕಿಯಷ್ಟೇ ಒಡೆದಿದೆ. ಕಿಟಕಿ ಬೇಕಾದರೆ ಗೋಡೆಯ ಮೇಲೆ ಚಾದರದ ಹಿಂದೆ ಅದಕ್ಕಿಂತ ದೊಡ್ಡದೊಂದು ಇತ್ತಲ್ಲ!

ಚಾದರ ತೆಗೆದೆವು. ಟಿ.ವಿ.ಯ ಹಿಂಭಾಗದಲ್ಲಿ ಎಚ್‌ಡಿಎಂಐ ಎಂದು ಬರೆದ ಎರಡು ಕಿಂಡಿಗಳಿದ್ದವು. ಒಂದರಲ್ಲಿ ಡಿಶ್‌ನ ಸೆಟ್‌ಟಾಪ್ ಬಾಕ್ಸಿನ ತಂತಿ. ಇಷ್ಟು ದಿನ ಬೇಕಾಗಿದ್ದ ತಂತಿ ಅದೇ! ಅದರ ಇನ್ನೊಂದು ತುದಿಯನ್ನು ಬಾಕ್ಸಿನಿಂದ ಕಿತ್ತು ಲ್ಯಾಪ್‌ಟಾಪಿನ ಬದಿಯ ಅಂಥದೇ ಕಿಂಡಿಗೆ ಸೇರಿಸಿದೆವು. ರಿಮೋಟಿನಲ್ಲಿ ‘ಸೋರ್ಸ್’ ಒತ್ತಿ ಎಚ್‌ಡಿಎಂಐ 1 ಆರಿಸಿದೆವು. ಎರಡು ಉಸಿರಿನಷ್ಟು ಹೊತ್ತು ನೀಲಿ. ಆಮೇಲೆ ಅವಳ ಲ್ಯಾಪ್‌ಟಾಪು ಗೋಡೆಯ ಮೇಲೆ ತೆರೆದುಕೊಂಡಿತು. ಹುಡುಗಿ ಕೂಗಲಿಲ್ಲ, ಕುಣಿಯಲಿಲ್ಲ. ಫೈಲುಗಳು ಇವೆಯೋ ಇಲ್ಲವೋ ಎಂದು ಒಂದೊಂದಾಗಿ ತೆರೆದು ನೋಡತೊಡಗಿದಳು.

ಅಸರ್ ಹೊತ್ತಿಗೆ ಅಣ್ಣ ಹೊಲದಿಂದ ಬಂದ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಟಿ.ವಿ.ಯ ಸದ್ದು ಕೇಳಿ ಅವನ ಮುಖ ಬಿಗಿಯಾಯಿತು. ಒಳಗೆ ಬಂದು ನೋಡಿದರೆ ಪರದೆಯ ಮೇಲೆ ಒಬ್ಬ ಮೇಷ್ಟ್ರು ಬಟಾಣಿ ಗಿಡದ ಚಿತ್ರ ಬರೆದು ಮೆಂಡಲನ ಅನುವಂಶೀಯತೆಯ ನಿಯಮ ವಿವರಿಸುತ್ತಿದ್ದರು. ಕೆಳಗೆ ಚಾಪೆಯ ಮೇಲೆ ಮಗಳು ನೋಟು ಬರೆಯುತ್ತಿದ್ದಳು. ಹಿಂದೆ ಅವಳ ತಾಯಿ ತೊಗರಿಬೇಳೆ ಹಸನು ಮಾಡುತ್ತಾ ಅದನ್ನೇ ನೋಡುತ್ತಿದ್ದರು.

“ಇದು ಯಾವ ಚಾನೆಲ್?” ಎಂದ ಅಣ್ಣ.

“ಚಾನೆಲ್ ಅಲ್ಲ ಅಬ್ಬಾ. ನನ್ನ ಪಾಠ.”

ಅಣ್ಣ ಟೊಪ್ಪಿ ತೆಗೆದು ಗೂಟಕ್ಕೆ ಹಾಕಿ ಗೋಡೆಗೊರಗಿ ಕುಳಿತ. ಪಾಠ ಮುಗಿಯುವ ತನಕ ಏಳಲಿಲ್ಲ. ಕೊನೆಗೆ, “ಹೈಬ್ರಿಡ್ ಬೀಜ ಅಂತಾರಲ್ಲ, ಇದೇ ಲೆಕ್ಕವೇನು?” ಎಂದು ಕೇಳಿದ. ಹುಡುಗಿ ಹತ್ತು ನಿಮಿಷ ವಿವರಿಸಿದಳು. ತಂದೆ ಮಗಳು ಇಷ್ಟು ಹೊತ್ತು ಮಾತಾಡಿದ್ದನ್ನು ನಾನು ಆ ಮನೆಯಲ್ಲಿ ನೋಡಿ ಬಹಳ ದಿನಗಳಾಗಿದ್ದವು.

ಟಿ.ವಿ. ಬಂದದ್ದೇ ಪಾಠ ಹೇಳಲು

ಟಿ.ವಿ. ಎಂದರೆ ಓದು ಕೆಡಿಸುವ ವಸ್ತು ಎಂದು ನಮ್ಮಲ್ಲಿ ಅನೇಕ ಹಿರಿಯರು ನಂಬಿದ್ದಾರೆ. ಅವರ ಭಯ ಸುಳ್ಳೇನೂ ಅಲ್ಲ. ಆದರೆ ನಮ್ಮ ಸೀಮೆಗೆ ಈ ಪೆಟ್ಟಿಗೆ ಮೊದಲು ಬಂದದ್ದು ಯಾವ ಕೆಲಸಕ್ಕೆ ಎಂಬುದನ್ನು ನೆನೆಸಿಕೊಳ್ಳಬೇಕು.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತದಲ್ಲಿ ‘ಸೈಟ್’ ಎಂಬ ದೊಡ್ಡ ಪ್ರಯೋಗ ನಡೆಯಿತು. ಅಮೆರಿಕದ ನಾಸಾದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠಗಳನ್ನು ಕಳಿಸಲಾಯಿತು. ಕರ್ನಾಟಕದಲ್ಲಿ ಇದಕ್ಕೆ ಆರಿಸಿದ್ದು ನಮ್ಮ ನೆರೆಯ ಗುಲ್ಬರ್ಗಾ, ಅಂದರೆ ಇಂದಿನ ಕಲಬುರಗಿ, ಜೊತೆಗೆ ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ, ಸುಮಾರು 3 ಮೀಟರ್ ಅಗಲದ ಆ್ಯಂಟೆನಾ. ಊರಿಗೆಲ್ಲ ಸೇರಿ ಒಂದು ಟಿ.ವಿ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾಮಕ್ಕಳಿಗೆ ಪಾಠ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ ಬೇಸಾಯ, ಆರೋಗ್ಯ ಇತ್ಯಾದಿ. ಆ ಪ್ರಯೋಗ ಮುಗಿದ ಮೇಲೆ, 1977ರಲ್ಲಿ, ಗುಲ್ಬರ್ಗಾದಲ್ಲಿ ದೂರದರ್ಶನದ ಪ್ರಸಾರ ಕೇಂದ್ರವೇ ಆರಂಭವಾಯಿತು.

ಅದಾಗಿ ಐವತ್ತು ವರ್ಷಗಳಾದವು. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಮತ್ತೆ ಟಿ.ವಿ.ಯೇ ನೆರವಿಗೆ ಬಂತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳನ್ನು ನೋಡಿದ ಮಕ್ಕಳು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ. ಪರದೆ ಒಂದೇ. ಅದರ ಮುಂದೆ ಏನನ್ನು ತಂದಿಡುತ್ತೇವೆ, ಯಾರ ಜೊತೆ ಕುಳಿತು ನೋಡುತ್ತೇವೆ ಎಂಬುದರಲ್ಲಿ ಲಾಭನಷ್ಟವಿದೆ. ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಮಗು ನೋಡುವುದೇನು ಎಂದು ತಾಯಿಗೆ ತಿಳಿಯುವುದಿಲ್ಲ. ನಡುಮನೆಯ ಟಿ.ವಿ.ಯಲ್ಲಿ ನೋಡುವುದು ಅಜ್ಜಿಗೂ ತಿಳಿಯುತ್ತದೆ.

ನೀವೇ ಜೋಡಿಸಿ

ಸಹೋದರಿಯರೇ, ಈ ಕೆಲಸಕ್ಕೆ ಮಗನೋ ಮೈದುನನೋ ಊರಿನಿಂದ ಬರಲಿ ಎಂದು ಕಾಯಬೇಡಿ. ಕುಕ್ಕರಿನ ಗ್ಯಾಸ್ಕೆಟ್ ಹಾಕಲು ಬರುವವರಿಗೆ ಇದೂ ಬರುತ್ತದೆ.

ಮೊದಲು ಎರಡೂ ಕಡೆಯ ಕಿಂಡಿಗಳನ್ನು ನೋಡಿಕೊಳ್ಳಿ. ಎಚ್‌ಡಿಎಂಐ ಕಿಂಡಿ ಅಗಲವಾಗಿದ್ದು, ಕೆಳಗಿನ ಎರಡು ಮೂಲೆಗಳು ಓರೆಯಾಗಿರುತ್ತವೆ. ಚಿತ್ರ ಮತ್ತು ಧ್ವನಿ ಎರಡನ್ನೂ ಈ ಒಂದೇ ತಂತಿ ಒಯ್ಯುತ್ತದೆ. ಈ ಪದ್ಧತಿ ಬಂದದ್ದು 2002ರ ಕೊನೆಯಲ್ಲಿ, ಈಚಿನ ಟಿ.ವಿ.ಗಳಲ್ಲೆಲ್ಲ ಇರುತ್ತದೆ. ಬಹಳ ಹಳೆಯ ಲ್ಯಾಪ್‌ಟಾಪುಗಳಲ್ಲಿ ಇದರ ಬದಲು ಮೂರು ಸಾಲಿನಲ್ಲಿ 15 ತೂತುಗಳಿರುವ ವಿಜಿಎ ಕಿಂಡಿ ಇರಬಹುದು. ಅದು ಚಿತ್ರವನ್ನಷ್ಟೇ ಕೊಡುತ್ತದೆ, ಧ್ವನಿಗೆ ಬೇರೆ ತಂತಿ ಬೇಕು. ಅಂಗಡಿಯಲ್ಲಿ ‘ವಿಜಿಎಯಿಂದ ಎಚ್‌ಡಿಎಂಐಗೆ’ ಎಂದು ಸ್ಪಷ್ಟವಾಗಿ ಹೇಳಿ ಪರಿವರ್ತಕ ಕೇಳಿ. ತಿರುಗುಮುರುಗಾದದ್ದನ್ನು ತಂದರೆ ಕೆಲಸ ಮಾಡುವುದಿಲ್ಲ. ಹೊಸ ತೆಳು ಲ್ಯಾಪ್‌ಟಾಪುಗಳಲ್ಲಿ ಚಿಕ್ಕ ಮೊಟ್ಟೆಯಾಕಾರದ ಟೈಪ್-ಸಿ ಕಿಂಡಿ ಮಾತ್ರ ಇರುವುದುಂಟು. ಅದಕ್ಕೂ ಪರಿವರ್ತಕವಿದೆ. ಆದರೆ ಎಲ್ಲ ಟೈಪ್-ಸಿ ಕಿಂಡಿಗಳೂ ಚಿತ್ರ ಕಳಿಸುವುದಿಲ್ಲ. ಲ್ಯಾಪ್‌ಟಾಪನ್ನೇ ಅಂಗಡಿಗೆ ಒಯ್ದು ಹಾಕಿ ನೋಡಿ ಕೊಳ್ಳುವುದು ಒಳ್ಳೆಯದು.

ಅನೇಕರು ಮಾಡುವ ತಪ್ಪೊಂದಿದೆ. ಟಿ.ವಿ.ಯಲ್ಲಿ ಯುಎಸ್‌ಬಿ ಕಿಂಡಿ ಕಂಡು, ಮೊಬೈಲು ಚಾರ್ಜು ಮಾಡುವ ತಂತಿಯಿಂದ ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸುತ್ತಾರೆ. ಏನೂ ಬರುವುದಿಲ್ಲ. ಆ ಕಿಂಡಿ ಇರುವುದು ಪೆನ್‌ಡ್ರೈವಿಗೆ. ಹಾಗೆಂದು ಅದು ನಿರುಪಯೋಗಿಯಲ್ಲ. ವಿಡಿಯೋ ಪಾಠಗಳನ್ನು ಪೆನ್‌ಡ್ರೈವಿಗೆ ಹಾಕಿದರೆ ಅನೇಕ ಟಿ.ವಿ.ಗಳು ಲ್ಯಾಪ್‌ಟಾಪಿಲ್ಲದೆಯೇ ತೋರಿಸುತ್ತವೆ. ಎಂಪಿ4 ಎಂಬ ರೂಪದಲ್ಲಿದ್ದರೆ ತೊಂದರೆ ಕಡಿಮೆ.

ತಂತಿ ಸೇರಿಸಿದ ಮೇಲೆ ರಿಮೋಟಿನಲ್ಲಿ ‘ಸೋರ್ಸ್’ ಅಥವಾ ‘ಇನ್‌ಪುಟ್’ ಒತ್ತಿ, ನೀವು ಸೇರಿಸಿದ ಕಿಂಡಿಯ ಸಂಖ್ಯೆಯನ್ನೇ ಆರಿಸಿ. ಚಿತ್ರ ಬಾರದಿದ್ದರೆ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನು ಹಿಡಿದುಕೊಂಡು ‘ಪಿ’ ಒತ್ತಿ. ನಾಲ್ಕು ಆಯ್ಕೆಗಳು ಬರುತ್ತವೆ. ‘ಡುಪ್ಲಿಕೇಟ್’ ಎಂದರೆ ಎರಡರಲ್ಲೂ ಒಂದೇ ಚಿತ್ರ. ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಎಂದರೆ ಟಿ.ವಿ.ಯಲ್ಲಿ ಮಾತ್ರ. ಪರದೆ ಒಡೆದವರಿಗೆ ಬೇಕಾದದ್ದು ಈ ಎರಡನೆಯದು. ‘ಎಕ್ಸ್‌ಟೆಂಡ್’ ಎಂದರೆ ಎರಡು ಪರದೆಗಳಲ್ಲಿ ಬೇರೆ ಬೇರೆ ಕೆಲಸ. ‘ಪಿಸಿ ಸ್ಕ್ರೀನ್ ಓನ್ಲಿ’ ಎಂದರೆ ಲ್ಯಾಪ್‌ಟಾಪಿನಲ್ಲಿ ಮಾತ್ರ.

ಚಿತ್ರ ಬಂದು ಧ್ವನಿ ಲ್ಯಾಪ್‌ಟಾಪಿನಿಂದಲೇ ಬರುತ್ತಿದ್ದರೆ, ಮೂಲೆಯಲ್ಲಿರುವ ಸ್ಪೀಕರ್ ಗುರುತನ್ನು ಒತ್ತಿ ಟಿ.ವಿ.ಯ ಹೆಸರನ್ನು ಆರಿಸಿ. ಚಿತ್ರದ ಅಂಚು ಕತ್ತರಿಸಿದಂತೆ ಕಂಡರೆ ಟಿ.ವಿ.ಯ ಚಿತ್ರದ ಸೆಟ್ಟಿಂಗಿನಲ್ಲಿ ‘ಸ್ಕ್ರೀನ್ ಫಿಟ್’ ಅಥವಾ ‘ಜಸ್ಟ್ ಸ್ಕ್ಯಾನ್’ ಎಂಬುದನ್ನು ಹುಡುಕಿ. ಅಕ್ಷರ ಚಿಕ್ಕದಾದರೆ ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 150 ಪ್ರತಿಶತ ಮಾಡಿಕೊಳ್ಳಿ.

ಸ್ಮಾರ್ಟ್ ಟಿ.ವಿ. ಇದ್ದವರು ತಂತಿಯಿಲ್ಲದೆಯೂ ಚಿತ್ರ ಕಳಿಸಬಹುದು. ಟಿ.ವಿ.ಯಲ್ಲಿ ‘ಸ್ಕ್ರೀನ್ ಮಿರರಿಂಗ್’ ತೆರೆದು, ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀಲಿ ಹಿಡಿದು ‘ಕೆ’ ಒತ್ತಿದರೆ ಟಿ.ವಿ.ಯ ಹೆಸರು ಕಾಣುತ್ತದೆ. ಆದರೆ ಹೀಗೆ ಕಳಿಸಿದ ಚಿತ್ರ ಆಗಾಗ ತಡವರಿಸುತ್ತದೆ. ದಿನವೂ ಓದುವವರಿಗೆ ತಂತಿಯೇ ನಂಬಿಗಸ್ತ.

ನಾಲ್ಕು ಎಚ್ಚರಿಕೆಗಳು

ಒಂದು, ವಿದ್ಯುತ್ತು. ತಂತಿ ಸೇರಿಸುವಾಗ ಟಿ.ವಿ. ಮತ್ತು ಲ್ಯಾಪ್‌ಟಾಪ್ ಎರಡನ್ನೂ ಆರಿಸಿರಿ. ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಮನೆಯ ಅರ್ಥಿಂಗ್ ಸರಿಯಿಲ್ಲ ಎಂದರ್ಥ. ಮೊದಲು ಎಲೆಕ್ಟ್ರೀಷಿಯನ್ನರನ್ನು ಕರೆಸಿ. ನಮ್ಮ ಬೀದರ್ ಕಡೆ ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಸಿಡಿಲಿನ ಮಳೆ ಬರುತ್ತದೆ. ಮೋಡ ಕವಿಯುತ್ತಲೇ ಪ್ಲಗ್ಗು, ಡಿಶ್ ತಂತಿ ಎರಡನ್ನೂ ತೆಗೆಯುವುದು ರೂಢಿಯಾಗಲಿ.

ಎರಡು, ಮರ್ಯಾದೆ. ಟಿ.ವಿ.ಗೆ ಸೇರಿಸಿದ ಮೇಲೆ ಲ್ಯಾಪ್‌ಟಾಪಿನಲ್ಲಿರುವುದೆಲ್ಲ ಮನೆಮಂದಿಗೆ, ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ. ಗೆಳತಿಯ ಸಂದೇಶ, ಮನೆಯ ಫೋಟೋ, ಬ್ಯಾಂಕಿನ ಲೆಕ್ಕ ಎಲ್ಲವೂ. ಸೇರಿಸುವ ಮೊದಲು ಅವನ್ನು ಮುಚ್ಚಿ, ಸಂದೇಶಗಳ ಸೂಚನೆ ಬಾರದಂತೆ ಮಾಡಿ. ಪರದೆ ಸರಿಯಿರುವವರು ‘ಎಕ್ಸ್‌ಟೆಂಡ್’ ಆರಿಸಿದರೆ ಪಾಠವನ್ನಷ್ಟೇ ಟಿ.ವಿ.ಗೆ ಕಳಿಸಬಹುದು.

ಮೂರು, ಕಣ್ಣು. ಪರದೆ ದೊಡ್ಡದೆಂದು ಅದರ ಬುಡದಲ್ಲೇ ಕೂರಬೇಡಿ. ಮನೆಗಳಲ್ಲಿರುವ 32 ಇಂಚಿನ ಟಿ.ವಿ.ಗೆ ಐದಾರು ಅಡಿ ದೂರ ಹಿತ. 20 ನಿಮಿಷಕ್ಕೊಮ್ಮೆ 20 ಸೆಕೆಂಡು ದೂರದ ಮರವನ್ನೋ ಗೋಡೆಯನ್ನೋ ನೋಡಿದರೆ ಕಣ್ಣಿಗೆ ವಿಶ್ರಾಂತಿ.

ನಾಲ್ಕು, ಎಲ್ಲಕ್ಕಿಂತ ಕಷ್ಟದ್ದು, ಹೊತ್ತು. ಒಂದು ಪಾಠ ಮುಗಿಯುತ್ತಲೇ ಪಕ್ಕದಲ್ಲಿ ಹತ್ತು ಮೋಜಿನ ವಿಡಿಯೋಗಳು ಕರೆಯುತ್ತವೆ. ತಾನಾಗಿಯೇ ಮುಂದಿನದು ಶುರುವಾಗುವ ‘ಆಟೋಪ್ಲೇ’ಯನ್ನು ನಿಲ್ಲಿಸಿ. ಸಾಧ್ಯವಾದರೆ ಪಾಠಗಳನ್ನು ಮೊದಲೇ ಇಳಿಸಿಕೊಂಡು, ಇಂಟರ್ನೆಟ್ ಆರಿಸಿ ನೋಡಿ.

ಹೊತ್ತಿನ ವಿಷಯದಲ್ಲಿ ಅಣ್ಣನ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಟಿ.ವಿ. ಚಾದರ ಕಳಚಿದ್ದರಿಂದ ತನ್ನ ಧಾರಾವಾಹಿಯೂ ಮರಳಿ ಬಂತೆಂದು ನಮ್ಮ ತಾಯಿ ತಿಳಿದಿದ್ದರು. ಮೊಮ್ಮಗಳ ಪಾಠಕ್ಕೂ ಅದೇ ಹೊತ್ತು. ಕೊನೆಗೆ ಭಾಬಿ ಕ್ಯಾಲೆಂಡರಿನ ಹಿಂಬದಿಯಲ್ಲಿ ವೇಳಾಪಟ್ಟಿ ಬರೆದು ಅಂಟಿಸಿದರು: ಫಜ್ರ್ ನಂತರ ಎರಡು ಗಂಟೆ ಪಾಠ, ಅಸರ್‌ನಿಂದ ಮಗ್ರಿಬ್‌ವರೆಗೆ ಪಾಠ, ಇಶಾದ ನಂತರ ಅರ್ಧ ಗಂಟೆ ದಾದಿಯದು. ಅಣ್ಣ ಓದಿ ನೋಡಿ, “ನನ್ನ ಸುದ್ದಿಗೆ ಹೊತ್ತೇ ಇಲ್ಲ” ಎಂದ. “ಪೇಪರ್ ಓದಿ” ಎಂದರು ಭಾಬಿ. ನಮ್ಮ ಭಾಬಿ ಗಂಡನಿಗೆ ಹೀಗೆ ಉತ್ತರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ಬೀದರ್‌ಗೆ ಮರಳಿ ವಾರವಾಗಿತ್ತು. ಭಾಬಿಯ ಫೋನು ಬಂತು. ಎಮ್ಮೆ ಹಾಲಿನ ದುಡ್ಡಿನಲ್ಲಿ ಭಾಲ್ಕಿಯಿಂದ ಇನ್ನೊಂದು ಎಚ್‌ಡಿಎಂಐ ತಂತಿ ತರಿಸಿದ್ದರಂತೆ. ಡಿಶ್‌ನದು ಒಂದರಲ್ಲಿ, ಲ್ಯಾಪ್‌ಟಾಪಿನದು ಎರಡರಲ್ಲಿ. ದಿನವೂ ಕಿತ್ತು ಹಾಕುವ ಕೆಲಸವಿಲ್ಲ. “ಮಗಳು ಕಾಲೇಜಿಗೆ ಹೋಗಿದ್ದಳು. ನಾನೇ ಹಾಕಿದೆ. ಮೊದಲು ನೀಲಿ ಬಂತು, ಹೆದರಿದೆ. ಆಮೇಲೆ ವಿಂಡೋಸ್ ಹಿಡಿದು ಪಿ ಒತ್ತಿದೆ. ಬಂತು!” ಎಂದರು.

“ಪಾಠ ನೋಡಿದಿರಾ?” ಎಂದು ತಮಾಷೆಗೆ ಕೇಳಿದೆ.

“ನೋಡಿದೆ. ಇನ್ಸುಲಿನ್ ಎಲ್ಲಿ ಹುಟ್ಟುತ್ತದೆ ಎಂದು ತೋರಿಸಿದರು. ಅತ್ತೆಗೆ ಹತ್ತು ವರ್ಷದಿಂದ ಶುಗರ್ ಗುಳಿಗೆ ಕೊಡುತ್ತಿದ್ದೇನೆ. ಅದು ಹೊಟ್ಟೆಯೊಳಗೆ ಏನು ಮಾಡುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅರ್ಧ ತಿಳಿಯಿತು. ಉಳಿದರ್ಧ ಮಗಳು ಬಂದ ಮೇಲೆ ಕೇಳುತ್ತೇನೆ.”

ಹುಡುಗಿಗೆ ಸೀಟು ಸಿಗುತ್ತದೋ ಇಲ್ಲವೋ ಅಲ್ಲಾಹನೇ ಬಲ್ಲ. ನೀಟ್ ಬರೆಯುವ ಮಕ್ಕಳು ಲಕ್ಷಗಟ್ಟಲೆ. ಆದರೆ ಒಡೆದ ಗಾಜಿನ ನೆಪದಲ್ಲಿ ಅವಳ ಓದು ಸದ್ದಿಲ್ಲದೆ ನಿಲ್ಲಲಿಲ್ಲ. ಏಳನೆಯ ತರಗತಿಗೆ ನಿಂತಿದ್ದ ಇನ್ನೊಬ್ಬರ ಓದು, ತೊಗರಿಬೇಳೆಯ ಮೊರದ ಮುಂದೆ, ಮತ್ತೆ ಶುರುವಾಗಿದೆ.

ನಿಮ್ಮ ಮನೆಯ ಟಿ.ವಿ.ಯ ಹಿಂಭಾಗವನ್ನು ನೀವು ಕೊನೆಯ ಬಾರಿ ನೋಡಿದ್ದು ಯಾವಾಗ? ಇವತ್ತು ಧೂಳು ಒರೆಸುವ ನೆಪದಲ್ಲಾದರೂ ಒಮ್ಮೆ ನೋಡಿ.